ರೀಲ್ಸ್ ನೋಡಿ ನೋಡಿ ಮಗನ ಬುದ್ಧಿ ಮಂಕಾಯಿತೇ?

ಪ್ರಶ್ನೆ: ನಾವು ಕುಮಟಾ ತಾಲೂಕಿನವರು, ತದಡಿ ಬಂದರಿನ ಹತ್ತಿರದ ಊರು. ಮಗ ಹತ್ತನೇ ತರಗತಿ. ಇವರು ಟ್ರಾಲರ್ ಬೋಟಿಗೆ ಹೋಗುತ್ತಾರೆ, ಒಮ್ಮೆ ಹೋದರೆ ಬರುವುದು ವಾರದ ಮೇಲೆ. ಮನೆಯಲ್ಲಿ ನಾನು, ಮಾವ, ಮಗ, ಸಣ್ಣ ಮಗಳು. ಮಗ ಏಳನೇ ತರಗತಿವರೆಗೂ ಚುರುಕಾಗಿದ್ದ. ಮಾವನ ಜೊತೆ ತಾಳಮದ್ದಲೆಗೆ ಹೋಗಿ ಮಧ್ಯರಾತ್ರಿವರೆಗೂ ಕೂತು ಕೇಳುತ್ತಿದ್ದ. ಈಗ ಐದು ನಿಮಿಷ ಪುಸ್ತಕ ಹಿಡಿಯುವುದಿಲ್ಲ. ಲೆಕ್ಕ ಓದಲು ಶುರು ಮಾಡಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಫೋನಿನಲ್ಲಿ ಉತ್ತರ ಹುಡುಕುತ್ತಾನೆ. ಅಂಗಡಿಯಿಂದ ಮೂರು ಸಾಮಾನು ತಾ ಅಂದರೆ ಒಂದು ತರುತ್ತಾನೆ. ರಾತ್ರಿ ಹನ್ನೆರಡೂವರೆವರೆಗೆ ಹೊದಿಕೆಯೊಳಗೆ ರೀಲ್ಸ್, ಶಾರ್ಟ್ಸ್. ಬೈದರೆ "ಅದರಲ್ಲೂ ಪಾಠ ಬರ್ತದೆ ಆಯಿ, ಒಂದು ನಿಮಿಷದಲ್ಲಿ ಎಲ್ಲ ಹೇಳ್ತಾರೆ" ಅನ್ನುತ್ತಾನೆ. ಇವರು ಮನೆಗೆ ಬಂದಾಗ ಇವರದ್ದೂ ಅದೇ ಕಥೆ. ಸಂಬಂಧಿಕರೊಬ್ಬರು ಇದಕ್ಕೆ 'ಬ್ರೈನ್ ರಾಟ್' ಅನ್ನುತ್ತಾರೆ, ಮಿದುಳು ಕೊಳೆತು ಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ ಅಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಫೋನು ಕಿತ್ತಿಟ್ಟುಕೊಳ್ಳೋಣ ಅಂದರೆ ಶಾಲೆಯ ಹೋಮ್‌ವರ್ಕ್ ಬರುವುದೂ ವಾಟ್ಸಾಪ್‌ನಲ್ಲೇ. ಪರೀಕ್ಷೆಗೆ ನಾಲ್ಕು ತಿಂಗಳಿದೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಮಗನ ಮಿದುಳು ಕೆಟ್ಟಿದೆಯಾ ಅನ್ನುವುದು ಒಂದು. ಫೋನು ಕಿತ್ತುಕೊಳ್ಳಲಾ ಬೇಡವಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನಿಧಾನವಾಗಿ ಬರೋಣ. ಮೊದಲನೆಯದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನೀವು ನಿದ್ದೆ ಬಿಟ್ಟು ಕೂತಿದ್ದೀರಿ. ಇಲ್ಲ, ಕೆಟ್ಟಿಲ್ಲ. ನೀವು ಬರೆದ ಲಕ್ಷಣಗಳಲ್ಲಿ 'ಮತ್ತೆ ಸರಿಯಾಗುವುದೇ ಇಲ್ಲ' ಅನ್ನುವಂಥದ್ದು ನನಗೆ ಒಂದೂ ಕಾಣುವುದಿಲ್ಲ.

ಹಾಗಂತ ನಿಮ್ಮದು ಬರೀ ಹೆದರಿಕೆ ಎಂದೂ ಹೇಳಲಾರೆ. ನಾನು ಶಿರಸಿಯಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಾರಕ್ಕೊಂದು ದಿನ ಘಟ್ಟ ಇಳಿದು ಕುಮಟಾಕ್ಕೂ ಬರುತ್ತೇನೆ. ಮೊದಲೆಲ್ಲ ಅಪ್ಪ ಅಮ್ಮ ಬಂದು ಕೂತರೆ ಪರೀಕ್ಷೆಯ ಹೆದರಿಕೆ, ಗಣಿತ, ಸಿಟ್ಟು ಎಂದು ಶುರುವಾಗುತ್ತಿತ್ತು. ಈಗ ಮೊದಲ ಮಾತೇ ಫೋನು. ಘಟ್ಟದ ಮೇಲಿನ ತೋಟದ ಮನೆಯವರೂ ಹಾಗೇ ಹೇಳುತ್ತಾರೆ, ಕಡಲ ಬದಿಯವರೂ ಹಾಗೇ ಹೇಳುತ್ತಾರೆ. 'ಅಸರ್' ಎಂಬ ಶಿಕ್ಷಣ ಸಮೀಕ್ಷೆಯ 2024ರ ವರದಿ ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಕೇಳಿ ನೋಡಿತ್ತು. ಅವರಲ್ಲಿ ಫೋನು ಬಳಸಲು ಬರುವವರ ಪೈಕಿ ಶೇಕಡಾ 76ರಷ್ಟು ಮಕ್ಕಳು ಹಿಂದಿನ ವಾರ ಸ್ಮಾರ್ಟ್‌ಫೋನನ್ನು ಸೋಶಿಯಲ್ ಮೀಡಿಯಾಕ್ಕೆ ಬಳಸಿದ್ದರು. ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇಕಡಾ 57. ನಿಮ್ಮ ಮನೆಯಲ್ಲಿ ಆಗಿರುವುದು ನೀವು ಮಗನನ್ನು ಸರಿಯಾಗಿ ಬೆಳೆಸದ್ದರಿಂದ ಅಲ್ಲ. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆಯಿರಿ.

ಆ 'ಬ್ರೈನ್ ರಾಟ್' ಮಾತು ಎಲ್ಲಿಂದ ಬಂತು ಅಂದರೆ, ಆಕ್ಸ್‌ಫರ್ಡ್ ನಿಘಂಟಿನವರು 2024ರಲ್ಲಿ ಅದನ್ನು ವರ್ಷದ ಪದ ಎಂದು ಆರಿಸಿದರು. ಇಂಟರ್ನೆಟ್ಟಿನಲ್ಲಿ ಅದಕ್ಕೂ ಮೊದಲೇ ಓಡಾಡುತ್ತಿದ್ದ ಮಾತು, ಆಮೇಲೆ ಇನ್ನಷ್ಟು ಹರಡಿತು. ಅದು ಕಾಯಿಲೆಯ ಹೆಸರಲ್ಲ. ಕೆಲಸಕ್ಕೆ ಬಾರದ ವಿಡಿಯೊ ನೋಡಿ ತಲೆ ಜಡವಾದಾಗ ಹುಡುಗರೇ ಆಡಿಕೊಳ್ಳುವ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಗೀಳಿಗೆ ಜಾಗ ಇದೆ, ಚುಟುಕು ವಿಡಿಯೊಗೆ ಇಲ್ಲ. ಮಿದುಳು ಕೊಳೆಯುವುದಂತೂ ಇಲ್ಲವೇ ಇಲ್ಲ.

ಇನ್ನೊಂದು ಮಾತನ್ನೂ ನೀವು ಕೇಳಿರಬಹುದು. ಈಗಿನ ಮಕ್ಕಳ ಗಮನ ಎಂಟು ಸೆಕೆಂಡು, ಗೋಲ್ಡ್ ಫಿಶ್ ಮೀನಿಗಿಂತ ಕಮ್ಮಿ ಅಂತ. 2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ವಿಭಾಗದ ಒಂದು ವರದಿಯಿಂದ ಅದು ಪ್ರಸಿದ್ಧವಾಯಿತು. ಹಿಂದೆ ಹುಡುಕಿಕೊಂಡು ಹೋದರೆ ಆ ಅಂಕಿಗೆ ಆಧಾರವಾದ ಸಂಶೋಧನೆಯೇ ಸಿಗುವುದಿಲ್ಲ. ಮೀನಿಗೂ ತಿಂಗಳುಗಟ್ಟಲೆ ನೆನಪಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಿಮ್ಮ ಮಗನೂ ಕ್ರಿಕೆಟ್ ಮ್ಯಾಚನ್ನು ಮೂರು ಗಂಟೆ ಕಣ್ಣು ತೆಗೆಯದೆ ನೋಡುತ್ತಾನೆ, ಅಲ್ವಾ? ಗಮನ ಕೊಡುವ ಶಕ್ತಿ ಅವನಲ್ಲಿ ಇದೆ. ತಕ್ಷಣ ಖುಷಿ ಸಿಗದ ಕೆಲಸದಲ್ಲಿ ನಿಲ್ಲುವುದು ಅವನಿಗೆ ಕಷ್ಟವಾಗಿದೆ. ಈ ಎರಡರ ನಡುವಿನ ವ್ಯತ್ಯಾಸ ತುಂಬಾ ಮುಖ್ಯ.

ಹಾಗಾದರೆ ನಿಜ ಏನು? 2025ರಲ್ಲಿ ಚುಟುಕು ವಿಡಿಯೊಗಳ ಬಗ್ಗೆ ಒಂದು ದೊಡ್ಡ ವಿಶ್ಲೇಷಣೆ ಬಂತು. 71 ಅಧ್ಯಯನಗಳನ್ನು, ಹೆಚ್ಚು ಕಡಿಮೆ 98 ಸಾವಿರ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಥ ವಿಡಿಯೊ ಜಾಸ್ತಿ ನೋಡುವವರಲ್ಲಿ ಗಮನ ಕಮ್ಮಿ ಇತ್ತು. ಮನಸ್ಸಿಗೆ ಬಂದದ್ದನ್ನು ತಡೆದು ನಿಲ್ಲುವ ಶಕ್ತಿಯೂ ಕಮ್ಮಿ ಇತ್ತು. ಸಂಬಂಧ ಸಣ್ಣದೇನಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು. ವಿಡಿಯೊ ನೋಡಿ ಗಮನ ಕೆಟ್ಟಿತೋ, ಗಮನ ನಿಲ್ಲದವರೇ ವಿಡಿಯೊ ಕಡೆ ಜಾಸ್ತಿ ಹೋದರೋ ಎಂಬುದು ಆ ಲೆಕ್ಕದಿಂದ ಗೊತ್ತಾಗುವುದಿಲ್ಲ. ಬಹಳ ಸಲ ಎರಡೂ ಇರುತ್ತದೆ.

ನನ್ನ ಹತ್ತಿರ ಘಟ್ಟದ ಮೇಲಿನ ಒಂದು ಊರಿನಿಂದ ಎಂಟನೇ ತರಗತಿಯ ಹುಡುಗಿಯನ್ನು ಕರೆತಂದಿದ್ದರು. ರೀಲ್ಸ್ ನೋಡಿ ನೋಡಿ ಓದು ಹಾಳಾಯಿತು ಎಂದು ಮನೆಯವರ ದೂರು. ಒಂದು ಪುಟ ಓದಿಸಿದೆ. ಅಕ್ಷರಗಳೇ ಅವಳಿಗೆ ತೊಡಕಾಗಿದ್ದವು. ಓದುವುದರಲ್ಲೇ ಮೊದಲಿಂದ ಕಲಿಕೆಯ ತೊಂದರೆ ಇತ್ತು, ಯಾರೂ ಗುರುತಿಸಿರಲಿಲ್ಲ. ತರಗತಿಯಲ್ಲಿ ದಿನಾ ಸೋಲುವ ಮಗುವಿಗೆ ಫೋನಿನಲ್ಲಿ ಮಾತ್ರ ಯಾರೂ ಸೋಲಿಸುವವರಿರಲಿಲ್ಲ. ಫೋನು ಕಿತ್ತುಕೊಂಡಿದ್ದರೆ ಅವಳಿಗೆ ಉಳಿದಿದ್ದ ಒಂದೇ ಸಮಾಧಾನವೂ ಹೋಗುತ್ತಿತ್ತು. ಓದುವ ತೊಂದರೆ ಹಾಗೇ ಇರುತ್ತಿತ್ತು. ನಿಮ್ಮ ಮಗ ಏಳನೇ ತರಗತಿವರೆಗೆ ಚೆನ್ನಾಗಿದ್ದ ಎಂದು ಬರೆದಿದ್ದೀರಿ. ಹಾಗಾಗಿ ಅವನದು ಈ ತರಹದ್ದಲ್ಲ ಅನ್ನಿಸುತ್ತದೆ. ಆದರೂ ಕಣ್ಣಿನ ಪರೀಕ್ಷೆ ಒಮ್ಮೆ ಮಾಡಿಸಿ. ಬೋರ್ಡು ಮಸುಕಾಗಿ ಕಾಣುವ ಹುಡುಗರೂ ಓದಲು ಕೂರುವುದಿಲ್ಲ.

ಈಗ ಆ ಮೂರು ಸಾಮಾನಿನ ವಿಷಯ. ಇದು ಓದಿ ನನಗೆ 2023ರಲ್ಲಿ ಪ್ರಕಟವಾದ ಒಂದು ಜರ್ಮನ್ ಪ್ರಯೋಗ ನೆನಪಾಯಿತು. ಮ್ಯೂನಿಕ್‌ನಲ್ಲಿ 60 ಜನರಿಗೆ ಒಂದು ಕೆಲಸ ಕೊಟ್ಟರು. ನಡುವೆ ಇಂಥದ್ದು ಕಂಡಾಗ ಇಂಥದ್ದು ಮಾಡಬೇಕು ಎಂದು ನೆನಪಿಟ್ಟುಕೊಳ್ಳಲು ಹೇಳಿದ್ದರು. ಆಮೇಲೆ ಹತ್ತು ನಿಮಿಷದ ಬಿಡುವು. ಕೆಲವರು ಸುಮ್ನೆ ಕೂತರು, ಕೆಲವರು ಟ್ವಿಟರ್ ನೋಡಿದರು, ಕೆಲವರು ಯೂಟ್ಯೂಬ್‌ನಲ್ಲಿ ಉದ್ದದ ವಿಡಿಯೊ ನೋಡಿದರು, ಕೆಲವರು ಟಿಕ್‌ಟಾಕ್ ನೋಡಿದರು. ವಾಪಸ್ ಬಂದಾಗ ಮಾಡಬೇಕೆಂದುಕೊಂಡದ್ದನ್ನು ಮರೆತು ಎಡವಿದವರು ಟಿಕ್‌ಟಾಕ್ ಗುಂಪಿನವರು. ಉಳಿದ ಮೂರು ಗುಂಪಿನಲ್ಲಿ ಅಂಥ ಇಳಿಕೆ ಆಗಲಿಲ್ಲ. ಸಣ್ಣ ಪ್ರಯೋಗ, ನಿಜ. ಅದು ಅಳೆದದ್ದು ಆ ಹೊತ್ತಿನ ಮರೆವನ್ನು ಮಾತ್ರ, ಜೀವಮಾನದ ಹಾನಿಯನ್ನಲ್ಲ. ಆದರೆ ಒಂದು ಸಲ ಗಮನಿಸಿ ನೋಡಿ. ನೀವು ಸಾಮಾನು ಹೇಳುವಾಗ ಅವನ ಕೈಯಲ್ಲಿ ಫೋನು ಇರುತ್ತದಾ? ಅಂಗಡಿಗೆ ಹೋಗುವ ದಾರಿಯಲ್ಲಿ ಬೆರಳು ಆಡುತ್ತಿರುತ್ತದಾ? ಇದ್ದರೆ, ಅದು ಮರೆಗುಳಿತನವೇ ಅಲ್ಲ. ನಿಮ್ಮ ಮೂರು ಸಾಮಾನಿನ ಮೇಲೆ ಹದಿನೈದು ಬೇರೆ ಬೇರೆ ವಿಷಯ ಬಂದು ಬಿದ್ದಿವೆ.

ಒಂದು ವಿಡಿಯೊಗೆ ಸರಾಸರಿ 20 ಸೆಕೆಂಡು ಎಂದುಕೊಂಡರೆ ಗಂಟೆಗೆ 180 ವಿಷಯ. ಒಂದು ನಗು, ಒಂದು ಅಪಘಾತ, ಒಂದು ಡ್ಯಾನ್ಸು, ಒಂದು ಜಗಳ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಪ್ರತಿಸಲ ಮನಸ್ಸು ಹಳೆಯದನ್ನು ಬಿಟ್ಟು ಹೊಸದಕ್ಕೆ ಹಾರಬೇಕು. ಜೊತೆಗೆ, ಮುಂದೆ ಬರುವುದು ಚೆನ್ನಾಗಿರುತ್ತದೋ ಇಲ್ಲವೋ ಗೊತ್ತಿಲ್ಲ. ನಾಲ್ಕು ಸಪ್ಪೆ, ಐದನೆಯದು ಭಾರಿ ಮಜಾ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಖುಷಿಯೇ ಮನುಷ್ಯನನ್ನು ಜಾಸ್ತಿ ಹಿಡಿದಿಡುತ್ತದೆ. ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟ ಬಿಟ್ಟು ಬರಲು ಮಕ್ಕಳಿಗೆ ಯಾಕೆ ಆಗುವುದಿಲ್ಲ ಹೇಳಿ? ಅದೇ ಕಾರಣ. ದೊಡ್ಡವರಿಗೂ ಆಗುವುದಿಲ್ಲ. ಹದಿನೈದರ ಹುಡುಗನಿಗೆ ಇನ್ನೂ ಕಷ್ಟ. ಆ ವಯಸ್ಸಿನಲ್ಲಿ ಖುಷಿಯ ಕಡೆ ಎಳೆಯುವ ಮಿದುಳಿನ ಭಾಗ ಜೋರಾಗಿರುತ್ತದೆ. ಸಾಕು ಎಂದು ಹೇಳುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. 'ಅವನಿಗೆ ಮನಸ್ಸಿಲ್ಲ, ಮನಸ್ಸಿದ್ದರೆ ಬಿಡುತ್ತಿದ್ದ' ಎಂದು ದಯವಿಟ್ಟು ಬೈಯಬೇಡಿ. ಅವನು ಎದುರಿಸುತ್ತಿರುವುದು ಅವನ ವಯಸ್ಸಿಗೆ ಮೀರಿದ ಎಳೆತ.

ಆದರೆ ನನ್ನನ್ನು ಜಾಸ್ತಿ ಕಾಡುವುದು ವಿಡಿಯೊ ಚುಟುಕಾಗಿರುವುದಲ್ಲ. ಗಾದೆಯೂ ಚುಟುಕೇ, ಒಗಟೂ ಚುಟುಕೇ. ಒಗಟು ಹೇಳಿದವರು ಹೇಳಿ ಸುಮ್ಮನಾಗುತ್ತಾರೆ. ಕೇಳಿದವನು ತಲೆ ಕೆರೆದುಕೊಳ್ಳಬೇಕು. ಆ ಸುಮ್ಮನಿರುವ ಹೊತ್ತಿನಲ್ಲೇ ಯೋಚನೆ ಹುಟ್ಟುವುದು. ರೀಲ್ಸ್‌ನಲ್ಲಿ ಆ ಹೊತ್ತೇ ಇಲ್ಲ. ಇದು ಮುಗಿಯಿತು, ಮುಂದೇನು ಎಂದು ಅವನು ಯೋಚಿಸುವ ಮೊದಲೇ ಮುಂದಿನದು ಬಂದಿರುತ್ತದೆ. ಮುಂದೇನು ಎಂಬುದನ್ನು ದಿನಕ್ಕೆ ಐನೂರು ಸಲ ಬೇರೆ ಯಾರೋ ತೀರ್ಮಾನಿಸಿಕೊಟ್ಟರೆ, ತಾನೇ ತೀರ್ಮಾನಿಸುವ ರೂಢಿ ಎಲ್ಲಿಂದ ಬರಬೇಕು?

ನೀವು ತಾಳಮದ್ದಲೆಯ ಮಾತು ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಗ ಅಜ್ಜನ ಪಕ್ಕ ಕೂತು ಏನು ಮಾಡುತ್ತಿದ್ದ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಆಮೇಲೆ ಮಾತು. ಕೃಷ್ಣನ ಅರ್ಥ ಹೇಳುವವರು ಹತ್ತು ನಿಮಿಷ ಒಂದು ವಾದ ಹೂಡುತ್ತಾರೆ. ಎದುರು ಕೂತ ಕೌರವ ಅದನ್ನೆಲ್ಲ ತಲೆಯಲ್ಲಿ ಹಿಡಿದಿಟ್ಟುಕೊಂಡು ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ಕೇಳುವ ಹುಡುಗನೂ ಹಿಡಿದಿಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಉತ್ತರದ ರುಚಿ ಅವನಿಗೆ ಸಿಗುವುದಿಲ್ಲ. 'ಇದಕ್ಕೆ ಏನು ಹೇಳ್ತಾನೆ ಈಗ?' ಎಂದು ಕಾಯುತ್ತಾನೆ. ಆ ಕಾಯುವಿಕೆಯಲ್ಲಿ ಅವನೇ ಒಂದು ಉತ್ತರ ಹೊಸೆಯುತ್ತಾನೆ. ವಿಷಯವನ್ನು ತಲೆಯಲ್ಲಿ ಇಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಈ ಶಕ್ತಿಯನ್ನೇ ನಾವು ನಮ್ಮ ವೃತ್ತಿಯಲ್ಲಿ ಅಳೆಯುವುದು. ನಿಮ್ಮ ಮಗನಿಗೆ ಅದರ ರೂಢಿ ಇತ್ತು. ಇದ್ದದ್ದು ತುಕ್ಕು ಹಿಡಿದಿದೆ. ಹೊಸದಾಗಿ ಕಲಿಯಬೇಕಾದವರಿಗಿಂತ ಅವನ ದಾರಿ ಹತ್ತಿರದ್ದು.

ಇನ್ನು ಅವನ ಒಂದು ನಿಮಿಷದ ಪಾಠ. ಇದರಲ್ಲಿ ಅವನು ಸುಳ್ಳು ಹೇಳುತ್ತಿಲ್ಲ. ನೋಡುವಾಗ ನಿಜವಾಗಿಯೂ ಅರ್ಥವಾದಂತೆ ಅನ್ನಿಸುತ್ತದೆ. ಬೇರೆಯವರು ಸರಾಗವಾಗಿ ಮಾಡುವುದನ್ನು ನೋಡಿದರೆ ನಮಗೂ ಬರುತ್ತದೆ ಅನ್ನಿಸುವುದು ಮನಸ್ಸಿನ ಗುಣ. ಅಡುಗೆ ವಿಡಿಯೊ ನೋಡಿ ಹೋಳಿಗೆ ತಟ್ಟಲು ಹೋದವರಿಗೆಲ್ಲ ಇದು ಗೊತ್ತು. 2006ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ಮಕ್ಕಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಒಂದು ವಾರದ ನಂತರ ಓದಿದ ಗುಂಪಿಗೆ ಶೇಕಡಾ 40ರಷ್ಟು ನೆನಪಿತ್ತು, ಮುಚ್ಚಿ ಬರೆದವರಿಗೆ 61. ತಮಾಷೆ ಅಂದರೆ ನಮಗೆ ಚೆನ್ನಾಗಿ ನೆನಪಿರುತ್ತದೆ ಎಂದು ಜಾಸ್ತಿ ನಂಬಿದ್ದವರು ಓದಿದ ಗುಂಪಿನವರು. ಹಾಗಾಗಿ ಮಗನ ಹತ್ತಿರ ವಾದ ಮಾಡಬೇಡಿ. "ಸರಿ, ನೋಡಿದೆಯಲ್ಲ, ಫೋನು ಇಟ್ಟು ನನಗೆ ಹೇಳಿಕೊಡು" ಅನ್ನಿ. ನೀವು ಎಷ್ಟು ಓದಿದ್ದೀರಿ ಅನ್ನುವುದು ಮುಖ್ಯವೇ ಅಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಿದರೆ ಆ ವಿಡಿಯೊ ಕೆಲಸಕ್ಕೆ ಬಂತು. ಹೇಳಲಾಗದಿದ್ದರೆ ಅವನಿಗೇ ಗೊತ್ತಾಗುತ್ತದೆ. ನಾನೂ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ. ಎರಡು ವಾಕ್ಯ ಹೇಳಿ ನಿಂತು, ಮುಖ ಸಪ್ಪಗೆ ಮಾಡಿ, "ನೋಡುವಾಗ ಗೊತ್ತಿತ್ತು ಮೇಡಂ" ಅನ್ನುತ್ತಾರೆ. ಆ ಒಂದು ಕ್ಷಣ ನನ್ನ ಅರ್ಧ ಗಂಟೆಯ ಬುದ್ಧಿಮಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ನಿದ್ದೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಗಂಭೀರ ಅನ್ನಿಸಿದ್ದು ಆ ಹನ್ನೆರಡೂವರೆ. ಬೆಳಿಗ್ಗೆ ಆರಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. ಈ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ. ನಿದ್ದೆಗೆಟ್ಟ ಹುಡುಗನಿಗೂ ಗಮನ ನಿಲ್ಲುವುದಿಲ್ಲ, ಮರೆವು ಬರುತ್ತದೆ, ಸಿಟ್ಟು ಬರುತ್ತದೆ. ನೀವು ರೀಲ್ಸ್ ಪರಿಣಾಮ ಎಂದು ಬರೆದದ್ದರಲ್ಲಿ ಒಂದು ದೊಡ್ಡ ಪಾಲು ನಿದ್ದೆಗೇಡಿನದ್ದೇ ಇರಬಹುದು. ಹರೆಯದಲ್ಲಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಅದು ದೇಹದ ಸ್ವಭಾವ. ಒಂಬತ್ತಕ್ಕೇ ಮಲಗು ಅಂದರೆ ಆಗುವುದಿಲ್ಲ. ಹತ್ತಕ್ಕೆ ದೀಪ ಆರಿದರೆ ಸಾಕು. ಫೋನು ಅವನ ಕೋಣೆಯಲ್ಲಿ ಇರಬಾರದು. ಅಡುಗೆ ಮನೆಯಲ್ಲಿ ಎಲ್ಲರ ಫೋನಿಗೂ ಒಂದು ಜಾಗ ಮಾಡಿ, ಅಲ್ಲೇ ಚಾರ್ಜಿಗೆ ಇಡಿ. ಅಲಾರಂ ಬೇಕು ಎಂದು ಹೇಳುತ್ತಾನೆ. ಒಂದು ಅಲಾರಂ ಗಡಿಯಾರ ತಂದುಕೊಡಿ. ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ.

ಪೂರ್ತಿ ಕಿತ್ತಿಟ್ಟುಕೊಳ್ಳುವ ದಾರಿಯ ಬಗ್ಗೆ ನನ್ನ ಅನುಭವ ಅಷ್ಟು ಒಳ್ಳೆಯದಿಲ್ಲ. ಮೊದಲ ವಾರ ಮನೆ ರಣರಂಗ. ಆಮೇಲೆ ಶಾಂತ. ಶಾಂತವಾಯಿತು ಎಂದು ಅಪ್ಪ ಅಮ್ಮ ಖುಷಿ ಪಡುತ್ತಾರೆ. ಎರಡು ತಿಂಗಳಿಗೆ ಗೊತ್ತಾಗುತ್ತದೆ, ಗೆಳೆಯನ ಹಳೆಯ ಫೋನು ಸ್ಕೂಲ್ ಬ್ಯಾಗಿನಲ್ಲಿದೆ. ಆಗ ಹೋಗುವುದು ನಂಬಿಕೆ. ಹದಿನೈದರ ಹುಡುಗ ಫೋನಿನಲ್ಲಿ ಏನಾದರೂ ಕೆಟ್ಟದ್ದು ಕಂಡಾಗ, ಯಾರಾದರೂ ಬೆದರಿಸಿದಾಗ, ಮೊದಲು ನಿಮ್ಮ ಹತ್ತಿರ ಬರಬೇಕು. ಕದ್ದು ನೋಡುವ ಹುಡುಗ ಬರುವುದಿಲ್ಲ. ನನಗೆ ಅತಿ ದೊಡ್ಡ ಅಪಾಯವಾಗಿ ಕಾಣುವುದು ಇದು. ಜೊತೆಗೆ, ನೀವೇ ಹೇಳಿದ ಹಾಗೆ, ಹೋಮ್‌ವರ್ಕ್ ವಾಟ್ಸಾಪ್‌ನಲ್ಲಿ ಬರುತ್ತದೆ. ಆ ಗುಂಪನ್ನು ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ. ಸಂಜೆ ಅವನು ನೋಟ್‌ಬುಕ್ಕಿಗೆ ಬರೆದುಕೊಳ್ಳಲಿ. ಶಿಕ್ಷಕರನ್ನು ಒಮ್ಮೆ ಭೇಟಿ ಮಾಡಿ, ಹೋಮ್‌ವರ್ಕನ್ನು ತರಗತಿಯಲ್ಲೇ ಬರೆಸಿ ಕಳಿಸಲು ಆಗುತ್ತದಾ ಕೇಳಿ. ಒಬ್ಬರೇ ಕೇಳಿದರೆ ಆಗದು, ನಾಲ್ಕು ತಾಯಂದಿರು ಒಟ್ಟಿಗೆ ಹೋಗಿ.

ಸಮಯ ಮಿತಿ ಹಾಕುವ ಸೌಲಭ್ಯ ಫೋನಿನಲ್ಲೇ ಇದೆ. ದಿನಕ್ಕೆ ಇಂಥ ಆ್ಯಪ್ ಇಷ್ಟೇ ನಿಮಿಷ ಎಂದು ಇಡಬಹುದು. ಕೆಲಸ ಮಾಡುತ್ತದೆ, ಆದರೆ ಅವನು ಒಪ್ಪಿದ್ದರೆ ಮಾತ್ರ. ಇಲ್ಲದಿದ್ದರೆ ಅದನ್ನು ತಪ್ಪಿಸುವ ಉಪಾಯ ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು ತೊಂದರೆ, ಮಿತಿ ಇದ್ದರೆ ಇಡೀ ಮನೆಯ ಮಾತು ನಿಮಿಷದ ಲೆಕ್ಕದ ಮೇಲೇ ಬಂದು ನಿಲ್ಲುತ್ತದೆ. ಇನ್ನೈದು ನಿಮಿಷ, ಇನ್ನೆರಡು ನಿಮಿಷ. ತಾಯಿ ಪೊಲೀಸ್ ಆಗುತ್ತಾಳೆ.

ನಾನು ಹೆಚ್ಚಾಗಿ ಹೇಳುವುದು ಫೋನು ಇರಲಿ, ಆ ನಿಲ್ಲದ ಸಾಲನ್ನು ತೆಗೆಯಿರಿ ಎಂದು. ಇನ್‌ಸ್ಟಾಗ್ರಾಂ ಫೋನಿನಿಂದ ಹೋಗಲಿ, ಕಡೇಪಕ್ಷ ಪರೀಕ್ಷೆ ಮುಗಿಯುವವರೆಗೆ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ, ಆಫ್ ಮಾಡಿ. ಆಗ ಅದು ತಾನಾಗಿ ಇದು ನೋಡು ಅದು ನೋಡು ಎಂದು ಮುಖಪುಟದಲ್ಲಿ ತಂದು ಸುರಿಯುವುದು ನಿಲ್ಲುತ್ತದೆ. ಪಾಠ ಬೇಕಾದರೆ ಅವನೇ ಹುಡುಕಿ, ಆರಿಸಿ, ಇಪ್ಪತ್ತು ನಿಮಿಷದ ಒಂದು ವಿಡಿಯೊ ನೋಡಬೇಕು. ಮುಂದೇನು ಎಂಬ ತೀರ್ಮಾನ ಅವನ ಕೈಗೆ ವಾಪಸ್ ಬಂದ ಹಾಗಾಯಿತು. ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಒಂದು ಚೆಂದದ ವಿಷಯ ಕಂಡುಕೊಂಡರು. ಬೇಜಾರು ಕಳೆಯಲಿ ಎಂದು ಒಂದರಿಂದ ಇನ್ನೊಂದು ವಿಡಿಯೊಗೆ ಹಾರುವವರಿಗೆ ಬೇಜಾರು ಇನ್ನೂ ಜಾಸ್ತಿಯಾಗುತ್ತದೆ. ಒಂದನ್ನೇ ಪೂರ್ತಿ ನೋಡಿದವರಿಗೆ ಕಮ್ಮಿ. ಇದನ್ನು ಮಗನಿಗೆ ಹೇಳಿ. ಎರಡು ಗಂಟೆ ನೋಡಿಯೂ ಯಾಕೆ ಏನೋ ಖಾಲಿ ಖಾಲಿ ಅನ್ನಿಸುತ್ತದೆ ಎಂದು ಅವನಿಗೂ ಒಳಗೊಳಗೆ ಪ್ರಶ್ನೆ ಇರುತ್ತದೆ.

ಮೊದಲ ಕೆಲವು ದಿನ ಅವನು ಚಡಪಡಿಸುತ್ತಾನೆ. ಅಂಗಳಕ್ಕೆ ಹೋಗುತ್ತಾನೆ, ಒಳಗೆ ಬರುತ್ತಾನೆ, ತಂಗಿಯನ್ನು ಕೆಣಕುತ್ತಾನೆ. ಬೇಜಾರು ಬೇಜಾರು ಅನ್ನುತ್ತಾನೆ. ಆ ಬೇಜಾರನ್ನು ತುಂಬಿಸಲು ನೀವು ಓಡಾಡಬೇಡಿ. ಕರೆಂಟ್ ಹೋದ ಮಳೆಗಾಲದ ಸಂಜೆಗಳಲ್ಲಿ ನಾವೆಲ್ಲ ಹೀಗೇ ಇದ್ದೆವು, ಆಮೇಲೆ ಏನೋ ಒಂದು ಮಾಡಲು ಹೊಳೆಯುತ್ತಿತ್ತು. ಓದಿನಲ್ಲೂ ಒಮ್ಮೆಲೇ ಎರಡು ಗಂಟೆ ಕೂರಿಸಬೇಡಿ. ಮೊದಲ ವಾರ ಹತ್ತು ನಿಮಿಷ, ಒಂದೇ ವಿಷಯ, ಫೋನು ಬೇರೆ ಕೋಣೆಯಲ್ಲಿ. ಮುಂದಿನ ವಾರ ಹದಿನೈದು. ನಡುವಿನ ಬಿಡುವಿನಲ್ಲಿ ಫೋನು ಬೇಡ, ಬಾವಿಕಟ್ಟೆವರೆಗೆ ಹೋಗಿ ಬರಲಿ. ನಾಲ್ಕು ತಿಂಗಳು ಇದಕ್ಕೆ ಧಾರಾಳ ಸಾಕು.

ಸರಿಯಾಗುತ್ತದೆ ಎಂದು ಇಷ್ಟು ಧೈರ್ಯವಾಗಿ ಯಾಕೆ ಹೇಳುತ್ತೇನೆ ಅಂದರೆ, 2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 467 ಜನರ ಮೇಲೆ ಇದನ್ನು ನೋಡಿದ್ದಾರೆ. ಎರಡು ವಾರ ಅವರ ಫೋನಿನಲ್ಲಿ ಇಂಟರ್ನೆಟ್ ಬಂದ್. ಕರೆ, ಮೆಸೇಜು ಮಾತ್ರ. ಕಂಪ್ಯೂಟರ್ ಬಳಸಬಹುದಿತ್ತು. ಎರಡು ವಾರಕ್ಕೇ ಒಂದೇ ಕಡೆ ಗಮನ ನಿಲ್ಲಿಸುವ ಶಕ್ತಿ ಸುಧಾರಿಸಿತು, ವಯಸ್ಸು ಹತ್ತು ವರ್ಷ ಕಮ್ಮಿಯಾದಷ್ಟು. ನಿಯಮವನ್ನು ಪೂರ್ತಿ ಪಾಲಿಸಲು ಬಹಳ ಜನರಿಗೆ ಆಗಿರಲಿಲ್ಲ, ಆದರೂ ಲಾಭ ಕಂಡಿತು. ಅವರು ದೊಡ್ಡವರು, ನಿಮ್ಮ ಮಗ ಹುಡುಗ, ಅದನ್ನು ಮರೆಯುವುದಿಲ್ಲ. ಆದರೆ ನನ್ನ ಹತ್ತಿರ ಬರುವ ಮಕ್ಕಳಲ್ಲೂ ಮೂರನೇ ವಾರದ ಹೊತ್ತಿಗೆ ಬದಲಾವಣೆ ಕಾಣುತ್ತೇನೆ. ಮೊದಲು ಕಾಣುವುದು ಅಂಕದಲ್ಲಲ್ಲ. ಊಟದ ಹೊತ್ತಿಗೆ ತಾನಾಗಿ ಏನಾದರೊಂದು ಮಾತು ತೆಗೆಯುತ್ತಾರೆ.

ಇದೆಲ್ಲ ಮಾಡಿದರೂ ಕೆಲವು ವಿಷಯಕ್ಕೆ ಕಾಯಬಾರದು. ಗೆಳೆಯರನ್ನು, ಆಟವನ್ನು ಪೂರ್ತಿ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ, ಊಟ ಬಿಟ್ಟರೆ, ಫೋನು ಮುಟ್ಟಿದರೆ ಕೈಯೆತ್ತಿದರೆ, ಬದುಕು ಸಾಕು ಎಂಬಂಥ ಮಾತು ಬಂದರೆ, ಆಗ ಅದು ರೀಲ್ಸ್ ವಿಷಯ ಅಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಫೋನಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಸಣ್ಣವನಿದ್ದಾಗಿನಿಂದಲೂ ಕೂತಲ್ಲಿ ಕೂರದ, ಎಲ್ಲ ಕಡೆ ಮರೆಯುವ ಮಗುವಾದರೆ ಗಮನ ಕೊರತೆಯ ತೊಂದರೆ ಇದೆಯೇ ಎಂದೂ ನೋಡಿಸಬೇಕಾಗುತ್ತದೆ. ನಿಮ್ಮ ಮಗ ಹಾಗಿರಲಿಲ್ಲ.

ಒಂದು ವಿಷಯ ನನ್ನನ್ನು ಬಹಳ ಸಲ ನೋಯಿಸುತ್ತದೆ. ನಿಮ್ಮ ಮಗ 2020ರಲ್ಲಿ ಐದನೇ ತರಗತಿ. ಶಾಲೆ ಮುಚ್ಚಿತು. ಘಟ್ಟದ ಮೇಲಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ ವರ್ಷ ಅದು. ಇದೇ ಓದು ಎಂದು ನಾವು ದೊಡ್ಡವರೇ ಅವರ ಕೈಗೆ ಫೋನು ಕೊಟ್ಟೆವು. ಆ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈಯಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಪಾಠದ ಫೋನಿನೊಳಗೇ ಇವೂ ಬಂದು ಕೂತವು. ಹತ್ತು ವರ್ಷದ ಹುಡುಗ ಇದನ್ನು ಬೇಡಿ ತಂದುಕೊಂಡದ್ದಲ್ಲ. ಅವನ ಹತ್ತಿರ ಮಾತಿಗೆ ಕೂರುವಾಗ ಇದು ನಿಮ್ಮ ಮನಸ್ಸಿನಲ್ಲಿರಲಿ. ದನಿ ತಾನಾಗಿ ಮೆತ್ತಗಾಗುತ್ತದೆ.

ನಿಮ್ಮ ಯಜಮಾನರ ಬಗ್ಗೆ ಒಂದೇ ಸಾಲು ಬರೆದು ಬಿಟ್ಟಿದ್ದೀರಿ. ನನಗೆ ಕಂಡಂತೆ ನಿಮ್ಮ ಮನೆಯ ದೊಡ್ಡ ಬಲ ಅವರೇ. ಬಲೆ ಬಿಟ್ಟು ಗಂಟೆಗಟ್ಟಲೆ ಕಾಯುವವರು. ದೂರ ಸಮುದ್ರದಲ್ಲಿ ಸಿಗ್ನಲ್ ಇಲ್ಲದೆ ವಾರ ಕಳೆಯುವವರು. ನೀರಿನ ಬಣ್ಣ, ಗಾಳಿ, ಸೆಳೆತ ನೋಡಿ ಮುಂದೇನು ಎಂದು ತೀರ್ಮಾನಿಸುವುದೇ ಅವರ ಕಸುಬು. ಅವರು ದಡಕ್ಕೆ ಬಂದು ಎರಡು ದಿನ ಫೋನಿನಲ್ಲಿ ಮುಳುಗಿದರೆ ತಪ್ಪು ಎಂದು ಹೇಳಲಾರೆ, ದಣಿದ ದೇಹ. ಆದರೆ ರಾತ್ರಿ ಅಡುಗೆ ಮನೆಯ ಆ ಜಾಗದಲ್ಲಿ ಅವರ ಫೋನೂ ಇರಲಿ. ಮಗ ಮೊದಲು ನೋಡುವುದು ಅದನ್ನೇ. ಮಾವನಿಗೂ ಒಂದು ಕೆಲಸ ಇದೆ. ಹತ್ತಿರದಲ್ಲಿ ತಾಳಮದ್ದಲೆ ಎಲ್ಲಿದೆ ಎಂದು ನೋಡಿ, ನನಗೆ ಕತ್ತಲಲ್ಲಿ ಒಬ್ಬನೇ ಹೋಗಲು ಆಗುವುದಿಲ್ಲ, ಜೊತೆಗೆ ಬಾ ಎಂದು ಮೊಮ್ಮಗನನ್ನು ಕರೆಯಲಿ. ಶನಿವಾರ ರಾತ್ರಿಯದ್ದಾದರೆ ಒಂದು ದಿನ ನಿದ್ದೆ ತಡವಾದರೂ ಪರವಾಗಿಲ್ಲ.

ಇನ್ನೊಂದು. ಹತ್ತನೇ ತರಗತಿಯವರು ಬಿಡಿಸುವ ಒಂದು ದೋಣಿ ಲೆಕ್ಕ ಇದೆ. ನಿಂತ ನೀರಿನಲ್ಲಿ ಗಂಟೆಗೆ 18 ಕಿಲೋಮೀಟರ್ ಹೋಗುವ ಮೋಟಾರು ದೋಣಿ. ಹರಿವಿನ ಎದುರು 24 ಕಿಲೋಮೀಟರ್ ಹೋಗಲು, ಅಷ್ಟೇ ದೂರ ಹರಿವಿನ ಜೊತೆ ವಾಪಸ್ ಬರುವುದಕ್ಕಿಂತ 1 ಗಂಟೆ ಜಾಸ್ತಿ ಬೇಕು. ಹಾಗಾದರೆ ನೀರಿನ ಹರಿವಿನ ವೇಗ ಎಷ್ಟು? ಇದನ್ನು ಬಿಡಿಸಲು ಹೋಗುವಾಗಿನ ವೇಗ, ಬರುವಾಗಿನ ವೇಗ, ಎರಡರ ಹೊತ್ತಿನ ವ್ಯತ್ಯಾಸ ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಎರಡನೇ ಸಾಲಿಗೇ ಬಿಟ್ಟು ಓಡುವ ಹುಡುಗನಿಗೆ ಇದು ಬೆಟ್ಟ. ಆದರೆ ಅಘನಾಶಿನಿ ನದಿಯಲ್ಲಿ ಇಳಿತದ ಹೊತ್ತಿಗೆ ದೋಣಿ ಮೇಲಕ್ಕೆ ಒಯ್ಯುವುದು ಅಂದರೆ ಏನು ಎಂದು ಅವನ ಅಪ್ಪನಿಗೆ ಗೊತ್ತು. ಅವರು ಈ ಸಲ ಬಂದಾಗ ಒಂದು ಸಂಜೆ ಇಬ್ಬರನ್ನೂ ಬಂದರಿನ ಧಕ್ಕೆಯ ಕಡೆ ಕಳಿಸಿ. ಫೋನು ಮನೆಯಲ್ಲಿರಲಿ, ಒಂದು ಪೆನ್ನು, ಒಂದು ನೋಟ್‌ಬುಕ್ ಕೊಟ್ಟುಕಳಿಸಿ. ಅಪ್ಪ ನೀರಿನ ಸೆಳೆತದ ಬಗ್ಗೆ ಹೇಳಲಿ, ಮಗ ಅದನ್ನು ಲೆಕ್ಕಕ್ಕೆ ತರಲಿ. ಒಂದು ಗಂಟೆ ಹಿಡಿದರೂ ಹಿಡಿಯಲಿ. ಉತ್ತರ ಗಂಟೆಗೆ 6 ಕಿಲೋಮೀಟರ್. ಇದು ನಿಮ್ಮಲ್ಲೇ ಇರಲಿ, ಅವನು ಬಂದು ಹೇಳುವವರೆಗೆ ಕಾಯಿರಿ.